ಒಂದೇ ಟ್ರ್ಯಾಕ್, ನಾಲ್ಕು ಓಟ: ಸ್ಪೋರ್ಟ್ಸ್ ಕಾರ್ ಸ್ಪ್ರಿಂಟ್ ರೇಸಿನ ಕ್ಲಾಸುಗಳನ್ನು ಗುರುತಿಸುವುದು ಹೇಗೆ

ಕಳೆದ ಮಳೆಗಾಲದಲ್ಲಿ ಅಪ್ಪ ಕಾರ್ಕಳದಿಂದ ಪುಣೆಗೆ ಬಂದಿದ್ದರು. ಭಾನುವಾರ ಸಂಜೆ. ನಿಗಡಿಯ ನಮ್ಮ ಫ್ಲಾಟಿನಲ್ಲಿ ಮೊಬೈಲನ್ನು ಟೀವಿಗೆ ಜೋಡಿಸಿಕೊಂಡು ನಾನು ಕಾರ್ ರೇಸ್ ನೋಡುತ್ತಾ ಕೂತಿದ್ದೆ. ಅಪ್ಪ ಹತ್ತು ನಿಮಿಷ ಮಾತಾಡದೆ ನೋಡಿದರು. ಆಮೇಲೆ ಕೇಳಿದರು: "ಎಂತ ಮಾರಾಯ ಇದು? ಹದಿನೆಂಟನೇ ಜಾಗದಲ್ಲಿ ಇರುವವನಿಗೆ ಇವರು ಯಾಕೆ ಇಷ್ಟು ಬೊಬ್ಬೆ ಹೊಡೆಯುವುದು?"

"ಅವ ಅವನ ಕ್ಲಾಸಿನಲ್ಲಿ ಫಸ್ಟ್, ಅಪ್ಪ."

"ಓಹೋ. ಹಗ್ಗ ಹಿರಿಯ, ನೇಗಿಲು ಕಿರಿಯ ಇದ್ದ ಹಾಗೆ."

ಚಾಕಣ್‌ನ ನಮ್ಮ ಆಫೀಸಿನ ಗೆಳೆಯರಿಗೆ ಇದನ್ನೇ ವಿವರಿಸಲು ನಾನು ಎಷ್ಟೋ ಸಲ ಕಾಗದದ ಮೇಲೆ ಬಾಣ ಗೀಚಿದ್ದೇನೆ. ಅಪ್ಪ ಒಂದೇ ಮಾತಲ್ಲಿ ಮುಗಿಸಿ ಚಹಾ ಮಾಡಲು ಒಳಗೆ ಹೋದರು. ಅವರ ಮಾತು ಅವರಿಗೇ ಗೊತ್ತಿಲ್ಲದಷ್ಟು ಸರಿಯಾಗಿತ್ತು. ಕಂಬಳದಲ್ಲಿ ಹಗ್ಗವೋ ನೇಗಿಲೋ ಹಲಗೆಯೋ ಅನ್ನುವುದು ಕೋಣಗಳಿಗೆ ಏನು ಕಟ್ಟಿದ್ದಾರೆ ಅನ್ನುವುದರ ಲೆಕ್ಕ. ಹಿರಿಯ, ಕಿರಿಯ ಅನ್ನುವುದು ಕೋಣಗಳ ಪ್ರಾಯದ ಲೆಕ್ಕ. ಎರಡು ಬೇರೆ ಬೇರೆ ಅಳತೆ, ಎರಡೂ ಸೇರಿ ಒಂದು ವಿಭಾಗ. ಕಾರ್ ರೇಸಿನ ಕ್ಲಾಸೂ ಹಾಗೇ. ಕಾರು ಯಾವುದು ಅನ್ನುವುದು ಒಂದು ಅಳತೆ, ಓಡಿಸುವವರು ಯಾರು ಅನ್ನುವುದು ಇನ್ನೊಂದು. ಇದನ್ನು ಬೇರೆ ಮಾಡಿ ನೋಡದಿದ್ದರೆ ಟೀವಿ ಮುಂದೆ ಕೂತವರಿಗೆ ತಲೆ ಕೆಡುತ್ತದೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕಾರ್ಕಳದ ಮಿಯಾರಿನ ಕರೆಯಲ್ಲಿ, ಅಂದರೆ ಕೋಣ ಓಡುವ ಕೆಸರುಗದ್ದೆಯಲ್ಲಿ, ಹಗ್ಗದ ಕೋಣಗಳು ಬೇರೆ, ನೇಗಿಲಿನ ಕೋಣಗಳು ಬೇರೆ ಓಡುತ್ತವೆ. ಇಲ್ಲಿ ಎಲ್ಲರನ್ನೂ ಒಟ್ಟಿಗೇ ಬಿಡುತ್ತಾರೆ.

ಮೊದಲ ಹೆಜ್ಜೆ: "ಯಾರು ಮುಂದಿದ್ದಾರೆ" ಅಂತ ಕೇಳುವುದನ್ನು ಬಿಡಿ

ಸ್ಪೋರ್ಟ್ಸ್ ಕಾರ್ ರೇಸ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಲೆ ಮಾನ್ಸ್, 24 ಗಂಟೆಯ ಓಟ. ಸ್ಪ್ರಿಂಟ್ ಅದಲ್ಲ. ಜಿಟಿ ವರ್ಲ್ಡ್ ಚಾಲೆಂಜ್‌ನ ಏಷ್ಯಾ ಸರಣಿಯಲ್ಲಿ ಒಂದು ವಾರಾಂತ್ಯಕ್ಕೆ ಎರಡು ರೇಸ್, ಒಂದೊಂದೂ 1 ಗಂಟೆ. ಅಮೆರಿಕದ ಜಿಟಿ ಅಮೆರಿಕಾ ಸರಣಿಯಲ್ಲಿ 40 ನಿಮಿಷ, ಒಬ್ಬನೇ ಡ್ರೈವರ್. ಅಲ್ಲಿಯದೇ ಇನ್ನೊಂದು ಸರಣಿ, ಇಮ್ಸಾ ಎಂಬ ಅಮೆರಿಕದ ಸಂಸ್ಥೆಯ ವಿಪಿ ರೇಸಿಂಗ್ ಸ್ಪೋರ್ಟ್ಸ್‌ಕಾರ್ ಚಾಲೆಂಜ್, 2023ರಲ್ಲಿ ಶುರುವಾಗಿದ್ದು. ಅದರಲ್ಲಿ 45 ನಿಮಿಷದ ರೇಸು.

ಅವಧಿ ಚಿಕ್ಕದು. ಹಾಗಾಗಿ ಕಾದು ನೋಡುವ ಆಟ ಇಲ್ಲ, ಮೊದಲ ಸುತ್ತಿನಿಂದಲೇ ಜಗಳ. ಅದೂ ಮೂರ್ನಾಲ್ಕು ಕಡೆ ಒಟ್ಟಿಗೆ. ಕ್ಯಾಮೆರಾ ಒಂದು ಜಗಳದಿಂದ ಇನ್ನೊಂದಕ್ಕೆ ಹಾರುತ್ತದೆ. ಯಾವ ಜಗಳ ಯಾವ ಟ್ರೋಫಿಗೆ ಅಂತ ಗೊತ್ತಿಲ್ಲದಿದ್ದರೆ ಅದು ಬರೀ ಬಣ್ಣ ಬಣ್ಣದ ಕಾರುಗಳ ಓಡಾಟ ಅಷ್ಟೇ.

ನಾನೂ ಪೆಟ್ಟು ತಿಂದೇ ಕಲಿತದ್ದು. ಒಂದು ಸಲ ಕೊನೆಯ ಸುತ್ತಿನಲ್ಲಿ ಎರಡು ಕಾರು ಬಾಗಿಲಿಗೆ ಬಾಗಿಲು ತಾಗಿಸಿಕೊಂಡು ಬಂದವು. ಹಳದಿ ಕಾರು ಅರ್ಧ ಮೂತಿಯಷ್ಟು ಮುಂದೆ ಗೆರೆ ದಾಟಿತು. ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ "ಏನು ಫಿನಿಶ್!" ಅಂತ ಹಾಕಿದೆ. ವಿಜಯಪುರದ ಗೆಳೆಯ ಉತ್ತರ ಹಾಕಿದ: "ಲೇ, ಅವೆರಡೂ ಬ್ಯಾರೆ ಬ್ಯಾರೆ ಕ್ಲಾಸ್ ಅದಾವ. ಅವಕ್ಕ ಜಗಳಾನ ಇಲ್ಲ." ಹೌದು, ಇರಲಿಲ್ಲ. ಒಂದು ಇನ್ನೊಂದಕ್ಕೆ ದಾರಿ ಬಿಡುತ್ತಿತ್ತು, ಅಷ್ಟೇ.

ಎರಡನೇ ಹೆಜ್ಜೆ: ಕಾರಿನ ಕ್ಲಾಸು ಕಲಿಯಿರಿ

ಇಲ್ಲಿ ಸ್ವಲ್ಪ ನಿಧಾನಿಸೋಣ, ವಿಷಯ ಜಾಸ್ತಿ ಇದೆ.

ಜಿಟಿ3. ಇದು ಈಗಿನ ಸ್ಪೋರ್ಟ್ಸ್ ಕಾರ್ ರೇಸಿಂಗಿನ ಬೆನ್ನೆಲುಬು. ಸ್ಟೆಫಾನ್ ರಾಟೆಲ್ ಎಂಬವರ ಎಸ್‌ಆರ್‌ಓ ಸಂಸ್ಥೆ ಇದನ್ನು 2006ರಲ್ಲಿ ಯುರೋಪಿನಲ್ಲಿ ಶುರು ಮಾಡಿತು. ವಿಚಾರ ಸರಳ. ಪೋರ್ಶೆ, ಫೆರಾರಿ, ಬಿಎಂಡಬ್ಲ್ಯು, ಮರ್ಸಿಡಿಸ್‌ನಂಥ ಕಂಪನಿಗಳು ರಸ್ತೆಯ ಕಾರನ್ನು ಆಧಾರವಾಗಿಟ್ಟುಕೊಂಡು ರೇಸ್ ಕಾರು ತಯಾರಿಸುತ್ತವೆ. ಅದಕ್ಕೆ ಅಂತಾರಾಷ್ಟ್ರೀಯ ಒಕ್ಕೂಟ ಎಫ್‌ಐಎ ಮಂಜೂರಾತಿ ಕೊಡುತ್ತದೆ. ದುಡ್ಡಿರುವ ಟೀಮು ಅದನ್ನು ಅಂಗಡಿಯಲ್ಲಿ ಕೊಂಡಂತೆ ಕೊಂಡು ಓಡಿಸುತ್ತದೆ. ಟೀಮು ತನಗೆ ಬೇಕಾದ ಹಾಗೆ ಇಂಜಿನ್ ಬದಲಿಸುವಂತಿಲ್ಲ, ಹೊಸ ರೆಕ್ಕೆ ಹಚ್ಚುವಂತಿಲ್ಲ. ಶಕ್ತಿ 500ರಿಂದ 600 ಹಾರ್ಸ್‌ಪವರ್, ತೂಕ ಸುಮಾರು 1,300 ಕಿಲೋ. ನೋಡಿದ ಕೂಡಲೇ ಗುರುತು ಸಿಗುತ್ತದೆ: ಅಗಲವಾದ ಚಕ್ರದ ಕಮಾನು, ನೆಲಕ್ಕೆ ಅಂಟಿಕೊಂಡ ಮೂತಿ, ಹಿಂದೆ ಊಟದ ಮೇಜಿನಷ್ಟು ದೊಡ್ಡ ರೆಕ್ಕೆ.

ಒಂದು ತಮಾಷೆ ಹೇಳುತ್ತೇನೆ. ರಸ್ತೆಯ ಫೆರಾರಿ 296 ಜಿಟಿಬಿ ಕಾರಿನಲ್ಲಿ ಪೆಟ್ರೋಲ್ ಇಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರ್ ಸೇರಿ 830 ಹಾರ್ಸ್‌ಪವರ್. ಅದರದೇ ರೇಸ್ ರೂಪವಾದ 296 ಜಿಟಿ3ಯಲ್ಲಿ ಮೋಟರೇ ಇಲ್ಲ, ಶಕ್ತಿ ಸುಮಾರು 600. ರೇಸ್ ಕಾರು ರಸ್ತೆ ಕಾರಿಗಿಂತ ಕಡಿಮೆ ಶಕ್ತಿಯದು! ಆದರೂ ಟ್ರ್ಯಾಕ್ ಮೇಲೆ ರಸ್ತೆ ಕಾರು ಇದರ ಹತ್ತಿರಕ್ಕೂ ಬರಲಾರದು. ಸ್ಲಿಕ್ ಟೈರು (ಗೀರುಗಳಿಲ್ಲದ ನುಣುಪು ಟೈರು), ಕಡಿಮೆ ತೂಕ, ಗಾಳಿಯಿಂದ ಕಾರನ್ನು ನೆಲಕ್ಕೆ ಒತ್ತುವ ಮೈಕಟ್ಟು, ಈ ಮೂರರ ಕೆಲಸ ಅದು. ತಿರುವಿನಲ್ಲಿ ಉಳಿಸಿಕೊಂಡ ವೇಗದಿಂದಲೇ ಸುತ್ತಿನ ಸಮಯ ಇಳಿಯುವುದು.

ಜಿಟಿ4. ಅದೇ ವಿಚಾರ, ಕಡಿಮೆ ಖರ್ಚಿನಲ್ಲಿ. ಪೋರ್ಶೆ ಕೇಮನ್, ಟೊಯೋಟಾ ಸುಪ್ರಾ, ಆಸ್ಟನ್ ಮಾರ್ಟಿನ್ ವ್ಯಾಂಟೇಜ್, ಬಿಎಂಡಬ್ಲ್ಯು ಎಂ4 ಇವೆಲ್ಲ ಜಿಟಿ4 ರೂಪದಲ್ಲಿವೆ. ಶಕ್ತಿ 400 ಚಿಲ್ಲರೆ. ಮೈಕಟ್ಟು ಹೆಚ್ಚುಕಮ್ಮಿ ಶೋರೂಮಿನದೇ. ರೆಕ್ಕೆ ಚಿಕ್ಕದು, ತೂಕ ಜಿಟಿ3ಗಿಂತ ಜಾಸ್ತಿ. ಬಿಎಂಡಬ್ಲ್ಯು ಎಂ4ನ ಜಿಟಿ3 ರೂಪ 4 ಲಕ್ಷ ಯೂರೋ ದಾಟಿದರೆ, ಜಿಟಿ4 ರೂಪ ಮಾರುಕಟ್ಟೆಗೆ ಬಂದದ್ದು ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ. ಹೊಸಬರು ಕಲಿಯಲು ಬರುವುದು ಇಲ್ಲಿಗೇ. ನಮ್ಮ ಬೆಂಗಳೂರಿನ ಅಖಿಲ್ ರಬೀಂದ್ರ ಯುರೋಪಿನ ಜಿಟಿ4 ಸರಣಿಯಲ್ಲಿ ಆಸ್ಟನ್ ಮಾರ್ಟಿನ್ ಓಡಿಸಿದ್ದಾರೆ. ಬೆಂಗಳೂರಿನವರೇ ಆದ ಅರ್ಜುನ್ ಮೈನಿ ಜರ್ಮನಿಯ ಡಿಟಿಎಂನಲ್ಲಿ ಜಿಟಿ3 ಮರ್ಸಿಡಿಸ್ ಓಡಿಸಿ, 2025ರಲ್ಲಿ ಫೋರ್ಡ್ ಮಸ್ಟಾಂಗ್‌ಗೆ ಬಂದರು. ಡಿಟಿಎಂ 2021ರಿಂದ ಜಿಟಿ3 ಕಾರುಗಳದ್ದೇ ಸರಣಿ, ಒಂದೇ ಕ್ಲಾಸು. ಅಲ್ಲಿ ಮುಂದಿರುವವನೇ ಮುಂದೆ. ತೀರಾ ಹೊಸಬರು ಮೊದಲು ಅದನ್ನು ನೋಡಿ ಜಿಟಿ3 ಕಾರುಗಳ ಮುಖ ಪರಿಚಯ ಮಾಡಿಕೊಂಡರೆ ಒಳ್ಳೆಯದು.

ಟಿಸಿಆರ್. ಇದು 2015ರಲ್ಲಿ ಬಂದದ್ದು. ಸರಿಯಾಗಿ ಹೇಳಿದರೆ ಸ್ಪೋರ್ಟ್ಸ್ ಕಾರ್ ಅಲ್ಲ, ಟೂರಿಂಗ್ ಕಾರ್. ಹುಂಡೈ ಎಲಾಂಟ್ರಾ, ಹೋಂಡಾ ಸಿವಿಕ್ ಥರದ ಮನೆ ಕಾರು, 2 ಲೀಟರ್ ಟರ್ಬೋ ಇಂಜಿನ್, ಮುಂದಿನ ಚಕ್ರಕ್ಕೆ ಶಕ್ತಿ, ಸುಮಾರು 350 ಹಾರ್ಸ್‌ಪವರ್. ಅಮೆರಿಕದ ಕೆಲವು ಸರಣಿಗಳಲ್ಲಿ ಜಿಟಿ4 ಜೊತೆಗೇ ಓಡುತ್ತವೆ. ನನಗೆ ಇವನ್ನು ಕಂಡರೆ ವಿಶೇಷ ಪ್ರೀತಿ. ಕಾರ್ಖಾನೆ ಬಸ್ಸಿನ ಕಿಟಕಿಯಿಂದ ದಿನಾ ಕಾಣುವ ಕಾರುಗಳ ಅಣ್ಣತಮ್ಮಂದಿರು ಇವು, ಅಲ್ವಾ?

ಎಲ್‌ಎಂಪಿ3. ಇದು ರಸ್ತೆ ಕಾರಿನ ಸಂಬಂಧವೇ ಇಲ್ಲದ, ರೇಸಿಗೆಂದೇ ಹುಟ್ಟಿದ ಪ್ರೊಟೋಟೈಪ್. ಚಪ್ಪಟೆ, ಹಗುರ. ಮೇಲೆ ಹೇಳಿದ 45 ನಿಮಿಷದ ಇಮ್ಸಾ ಸರಣಿಯಲ್ಲಿ ಎಲ್‌ಎಂಪಿ3 ಮತ್ತು ಜಿಟಿ4 ಒಟ್ಟಿಗೆ ಓಡುತ್ತವೆ. ನೋಡಲು ಮಜಾ ಅಂದರೆ ಅದೇ. ನೋಟಕ್ಕೆ ಎಷ್ಟು ಬೇರೆ ಅಂದರೆ ಕ್ಲಾಸು ತಪ್ಪುವ ಪ್ರಶ್ನೆಯೇ ಇಲ್ಲ. ಮಕ್ಕಳಿಗೆ ತೋರಿಸುವುದಾದರೆ ಇದರಿಂದ ಶುರು ಮಾಡಿ.

ಮೂರನೇ ಹೆಜ್ಜೆ: ಹೆಸರಿನ ಬಲೆಗೆ ಬೀಳಬೇಡಿ

ಪೋರ್ಶೆ ಕಂಪನಿ ಇಲ್ಲಿ ಎಲ್ಲರನ್ನೂ ಸತಾಯಿಸುತ್ತದೆ. 911 ಜಿಟಿ3 ಅನ್ನುವುದು ರಸ್ತೆ ಕಾರು. ಪುಣೆಯ ಕೋರೇಗಾಂವ್ ಪಾರ್ಕಿನಲ್ಲಿ ನಿಂತಿರಬಹುದು. 911 ಜಿಟಿ3 ಕಪ್ ಅನ್ನುವುದು ರೇಸ್ ಕಾರು, ಆದರೆ ಜಿಟಿ3 ಕ್ಲಾಸಿನದಲ್ಲ. ಅದು ಪೋರ್ಶೆಯವರದೇ ಒಂದೇ ಮಾದರಿಯ ಸರಣಿಗೆ ಮಾಡಿದ್ದು. ಬೇರೆ ಸರಣಿಗೆ ಬಂದರೆ ಸಾಮಾನ್ಯವಾಗಿ ಅದಕ್ಕೆ ಪ್ರತ್ಯೇಕ ಕ್ಲಾಸು. 911 ಜಿಟಿ3 ಆರ್, ಕೊನೆಯಲ್ಲಿ ಆ ಒಂದು "ಆರ್" ಇದ್ದರೆ ಮಾತ್ರ ನಿಜವಾದ ಜಿಟಿ3 ಕ್ಲಾಸು.

ಇನ್ನೊಂದು ಬಲೆ ಜಿಟಿ2. ಶಕ್ತಿಯ ಅಂಕಿ ನೋಡಿದರೆ ಜಿಟಿ3ಗಿಂತ ಜಾಸ್ತಿ, 600 ದಾಟುತ್ತದೆ. ಆದರೆ ನೆಲಕ್ಕೆ ಒತ್ತುವ ಮೈಕಟ್ಟು ಕಡಿಮೆ. ನೇರ ರಸ್ತೆಯಲ್ಲಿ ಹಾರುತ್ತದೆ, ತಿರುವಿನಲ್ಲಿ ಜಿಟಿ3 ಅದನ್ನು ಹಿಡಿದುಬಿಡುತ್ತದೆ. ವಯಸ್ಸಾದ, ಹಣವಂತ ಹವ್ಯಾಸಿಗಳಿಗೆ ಖುಷಿಯಾಗಲಿ ಅಂತಲೇ ಹೀಗೆ ಮಾಡಿದ್ದು. ಚಿಕ್ಕ ಸಂಖ್ಯೆ ಅಂದರೆ ವೇಗ ಜಾಸ್ತಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಾಲ್ಕನೇ ಹೆಜ್ಜೆ: ಸ್ಟೀರಿಂಗ್ ಹಿಂದೆ ಯಾರಿದ್ದಾರೆ ನೋಡಿ

ಈಗ ಹಿರಿಯ-ಕಿರಿಯಕ್ಕೆ ಬರೋಣ. ಎಫ್‌ಐಎ ಪ್ರತಿ ಡ್ರೈವರನಿಗೂ ಒಂದು ದರ್ಜೆ ಕೊಡುತ್ತದೆ: ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್. ಪ್ಲಾಟಿನಂ ಅಂದರೆ ಕಂಪನಿಗಳ ಸಂಬಳ ತಿನ್ನುವ, ದೊಡ್ಡ ದೊಡ್ಡ ರೇಸ್ ಗೆದ್ದ ವೃತ್ತಿಪರರು. ಬ್ರಾಂಜ್ ಅಂದರೆ ಬಹುತೇಕ ಹವ್ಯಾಸಿಗಳು. ವಯಸ್ಸು 30 ದಾಟಿದ ಮೇಲೆ ಮೊದಲ ಸಲ ರೇಸಿಂಗ್ ಲೈಸೆನ್ಸ್ ಪಡೆದವರು ಸಾಮಾನ್ಯವಾಗಿ ಇಲ್ಲಿಗೇ ಬೀಳುತ್ತಾರೆ. ಹಗಲು ವ್ಯಾಪಾರ, ವಾರಾಂತ್ಯಕ್ಕೆ ಫೆರಾರಿ. ಈ ಆಟ ನಡೆಯುವುದೇ ಅವರ ದುಡ್ಡಿನಲ್ಲಿ ಅಂದರೂ ತಪ್ಪಿಲ್ಲ.

ಒಂದು ಗಂಟೆಯ ರೇಸಿನಲ್ಲಿ ಒಂದು ಕಾರಿಗೆ ಇಬ್ಬರು ಡ್ರೈವರು. ಇಬ್ಬರ ದರ್ಜೆ ಕೂಡಿಸಿ ಕ್ಲಾಸು. ಒಬ್ಬ ವೃತ್ತಿಪರ, ಒಬ್ಬ ಹವ್ಯಾಸಿ ಇದ್ದರೆ ಪ್ರೋ-ಆಮ್. ಇಬ್ಬರೂ ಹವ್ಯಾಸಿಗಳಾದರೆ ಆಮ್. ಇಬ್ಬರೂ ಸಿಲ್ವರ್ ಆದರೆ ಸಿಲ್ವರ್, ಇಲ್ಲಿ ಹೆಚ್ಚಾಗಿ ಕಾಣುವುದು ಮೇಲೆ ಬರುತ್ತಿರುವ ಹುಡುಗರು. ಯುರೋಪಿನ ಸ್ಪ್ರಿಂಟ್ ಕಪ್‌ನಲ್ಲಿ ಪ್ರೋ, ಗೋಲ್ಡ್, ಸಿಲ್ವರ್, ಬ್ರಾಂಜ್ ಅಂತ ಹೆಸರು. ಹೆಸರು ಏನೇ ಇರಲಿ, ವಿಷಯ ಒಂದೇ.

ಅಂದರೆ ಒಂದೇ ಬಣ್ಣದ, ಒಂದೇ ಮಾದರಿಯ ಎರಡು ಪೋರ್ಶೆ ಅಕ್ಕಪಕ್ಕ ಓಡುತ್ತಿದ್ದರೂ ಅವು ಬೇರೆ ಬೇರೆ ಕ್ಲಾಸಿನವಾಗಿರಬಹುದು. ನನ್ನ ಗೆಳೆಯರು ಹೆಚ್ಚಾಗಿ ಎಡವುವುದು ಇಲ್ಲೇ. ಕಾರು ನೋಡಿ ಕ್ಲಾಸು ಗೊತ್ತಾಗುವುದಿಲ್ಲ, ಕಾರಿನ ಮೇಲಿನ ಚೀಟಿ ನೋಡಬೇಕು. ಇಮ್ಸಾದ ದೊಡ್ಡ ಸರಣಿಯಲ್ಲಿ ಜಿಟಿಡಿ ಪ್ರೋ ಮತ್ತು ಜಿಟಿಡಿ ಎರಡರಲ್ಲೂ ಓಡುವುದು ಜಿಟಿ3 ಕಾರುಗಳೇ. ನಂಬರಿನ ಹಿಂದಿನ ಪಟ್ಟಿ ಕೆಂಪಾಗಿದ್ದರೆ ಪ್ರೋ, ಹಸಿರಾಗಿದ್ದರೆ ಜಿಟಿಡಿ. ಪ್ರತಿ ಸರಣಿಗೂ ಬಣ್ಣ ಬೇರೆ. ರೇಸ್ ಶುರುವಾಗುವ ಮೊದಲು ಎರಡು ನಿಮಿಷ ಕೊಟ್ಟು ಬಣ್ಣ ತಿಳಿದುಕೊಳ್ಳಿ. ಒಂದು ಚೀಟಿಯಲ್ಲಿ ಬರೆದು ಟೀವಿ ಪಕ್ಕ ಅಂಟಿಸಿದರೂ ಆಯಿತು. ನಮ್ಮ ಮನೆಯಲ್ಲಿ ಅದು ಇನ್ನೂ ಇದೆ, ಹೆಂಡತಿ ತೆಗೆಯಲು ಹೇಳಿ ಹೇಳಿ ಸುಮ್ಮನಾಗಿದ್ದಾಳೆ.

ಇನ್ನೊಂದು ಕೆಲಸದ ಮಾತು. ಇಂಥ ಸರಣಿಗಳಲ್ಲಿ ಎರಡು ಕ್ವಾಲಿಫೈಯಿಂಗ್ ಇರುತ್ತವೆ. ಒಬ್ಬ ಡ್ರೈವರನ ಸಮಯದ ಮೇಲೆ ಮೊದಲ ರೇಸಿನ ಸಾಲು, ಇನ್ನೊಬ್ಬನದರ ಮೇಲೆ ಎರಡನೇ ರೇಸಿನ ಸಾಲು. ಹವ್ಯಾಸಿ ಯಾವ ರೇಸ್ ಶುರು ಮಾಡುತ್ತಾನೆ ನೋಡಿಕೊಳ್ಳಿ. ಅವನು ಮೊದಲರ್ಧ ಓಡಿಸುತ್ತಿದ್ದರೆ ಆ ಕಾರು ಹಿಂದೆ ಬಿದ್ದಿದ್ದಕ್ಕೆ ಬೇಜಾರು ಬೇಡ. ವೃತ್ತಿಪರ ಇನ್ನೂ ಪಿಟ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕದ ಟೀಮಿನ ಜಾಗದಲ್ಲಿ, ಹೆಲ್ಮೆಟ್ ಹಾಕಿಕೊಂಡು ಕೂತಿದ್ದಾನೆ.

ಐದನೇ ಹೆಜ್ಜೆ: ತಕ್ಕಡಿ ಯಾರ ಕೈಯಲ್ಲಿದೆ

ಒಂದೇ ಕ್ಲಾಸಿನೊಳಗೂ ಕಾರುಗಳು ಒಂದೇ ಥರ ಇಲ್ಲ. ಪೋರ್ಶೆಯ ಇಂಜಿನ್ ಹಿಂದೆ, ಆರು ಸಿಲಿಂಡರ್. ಮರ್ಸಿಡಿಸ್‌ನದು ಮುಂದೆ, ಟರ್ಬೋ ಇಲ್ಲದ ದೊಡ್ಡ ವಿ8. ಫೆರಾರಿಯದು ನಡುವೆ, ಟರ್ಬೋ ವಿ6. ಇವನ್ನೆಲ್ಲ ಹಾಗೇ ಬಿಟ್ಟರೆ ಒಂದೇ ಕಂಪನಿ ವರ್ಷವಿಡೀ ಗೆಲ್ಲುತ್ತದೆ, ಉಳಿದವರು ಗಂಟುಮೂಟೆ ಕಟ್ಟುತ್ತಾರೆ. ಅದಕ್ಕೇ ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್, ಎಲ್ಲರ ಬಾಯಲ್ಲಿ ಬಿಓಪಿ. ವೇಗದ ಕಾರಿಗೆ ಕೆಲವು ಕಿಲೋ ತೂಕ ಸೇರಿಸುತ್ತಾರೆ. ಇಂಜಿನ್ನಿಗೆ ಗಾಳಿ ಹೋಗುವ ದಾರಿ ಕಿರಿದು ಮಾಡುತ್ತಾರೆ. ಟರ್ಬೋದ ಒತ್ತಡ ಇಳಿಸುತ್ತಾರೆ. ನೆಲದಿಂದ ಕಾರಿನ ಎತ್ತರ ಇಷ್ಟಕ್ಕಿಂತ ಕಡಿಮೆ ಇರಬಾರದು ಅನ್ನುತ್ತಾರೆ. ಟ್ರ್ಯಾಕಿಗೆ ತಕ್ಕಂತೆ ಈ ಪಟ್ಟಿ ಬದಲಾಗುತ್ತದೆ.

ಪ್ರತಿ ರೇಸಿನ ಮರುದಿನ "ನಮಗೆ ಅನ್ಯಾಯ ಆಯ್ತು" ಅಂತ ಯಾರಾದರೂ ಒಬ್ಬರು ಗೋಳಾಡುವುದು ಈ ಪಟ್ಟಿಯ ಮೇಲೆಯೇ. ನನ್ನ ಅಭಿಪ್ರಾಯ ಕೇಳಿದರೆ, ಬಿಓಪಿ ಇಲ್ಲದಿದ್ದರೆ ಈ ಆಟವೇ ಇರುತ್ತಿರಲಿಲ್ಲ. ಹಾಗಂತ ಅದು ಕ್ಲಾಸುಗಳ ನಡುವಿನ ಅಂತರ ಮುಚ್ಚುವ ಸಾಧನ ಅಂದುಕೊಳ್ಳಬೇಡಿ. ಜಿಟಿ4ನ್ನು ಜಿಟಿ3ಗೆ ಸಮ ಮಾಡುವುದು ಅದರ ಕೆಲಸವಲ್ಲ. ಕ್ಲಾಸಿನೊಳಗೆ ಮಾತ್ರ ಅದರ ಅಧಿಕಾರ.

ಒಂದೇ ಮಾದರಿಯ ಕಾರುಗಳ ಸರಣಿಗೆ ಈ ರಗಳೆಯೇ ಇಲ್ಲ. 2010ರಲ್ಲಿ ಭಾರತದಲ್ಲಿ ಶುರುವಾದ ಫೋಕ್ಸ್‌ವ್ಯಾಗನ್ ಪೋಲೋ ಕಪ್ ಅಂಥದ್ದು. ಪೋಲೋ ನಮ್ಮ ಚಾಕಣ್‌ನಲ್ಲೇ ತಯಾರಾಗುತ್ತಿದ್ದ ಕಾರು. ಎಲ್ಲರಿಗೂ ಒಂದೇ ಕಾರು, ಇನ್ನು ನೆಪ ಹೇಳುವುದು ಯಾವುದಕ್ಕೆ?

ಆರನೇ ಹೆಜ್ಜೆ: ಸುತ್ತು ಹಾಕುವ ಲೆಕ್ಕ ಮಾಡಿ

ಖಂಡಾಲಾ ಘಾಟಿಯಲ್ಲಿ ಎಕ್ಸ್‌ಪ್ರೆಸ್‌ವೇ ಮೇಲೆ ಲಾರಿಗಳ ನಡುವೆ ಕಾರು ಓಡಿಸಿದವರಿಗೆ ಈ ಭಾಗ ಬೇಗ ಅರ್ಥವಾಗುತ್ತದೆ. ಬಹು ಕ್ಲಾಸಿನ ರೇಸಿನಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಬಹಳ ಸಲ ಟ್ರಾಫಿಕ್‌ನಲ್ಲಿ.

ಕಾಗದದ ಮೇಲೆ ನೋಡೋಣ. ಬೆಲ್ಜಿಯಂನ ಸ್ಪಾ ಟ್ರ್ಯಾಕ್ ಒಂದು ಸುತ್ತಿಗೆ 7.004 ಕಿ.ಮೀ. ಜಿಟಿ3 ಕಾರು ಒಂದು ಸುತ್ತನ್ನು 2 ನಿಮಿಷ 20 ಸೆಕೆಂಡಿನಲ್ಲಿ ಮುಗಿಸುತ್ತದೆ ಅಂತಿಟ್ಟುಕೊಳ್ಳಿ. ಜಿಟಿ4ಗೆ 12 ಸೆಕೆಂಡು ಜಾಸ್ತಿ ಬೇಕು ಅನ್ನಿ. ಅಂದರೆ ಪ್ರತಿ ಸುತ್ತಿಗೂ ಅಂತರ 12 ಸೆಕೆಂಡಿನಂತೆ ಬೆಳೆಯುತ್ತದೆ. ಹನ್ನೆರಡೂವರೆ ಸುತ್ತು ದಾಟುವಷ್ಟರಲ್ಲಿ, ಹೆಚ್ಚುಕಮ್ಮಿ ಅರ್ಧ ಗಂಟೆಗೆ, ಮುಂದಿರುವ ಜಿಟಿ3 ಒಂದು ಇಡೀ ಸುತ್ತು ಜಾಸ್ತಿ ಹಾಕಿ ಜಿಟಿ4ರ ಬೆನ್ನಿಗೆ ಬಂದಿರುತ್ತದೆ. ಒಂದು ಗಂಟೆಯ ರೇಸಿನಲ್ಲಿ ಇದು ಎರಡು ಸಲ. ಜಿಟಿ4 ಸಾಲಿನ ಕೊನೆಯವರು ಇನ್ನೂ ಮುಂಚೆಯೇ ಸಿಗುತ್ತಾರೆ.

ಆ ಹೊತ್ತಿಗೆ ಟೀವಿ ಬಿಟ್ಟು ಏಳಬೇಡಿ. ಮುಂದಿರುವ ಜಿಟಿ3 ಕಾರು ನಿಧಾನದ ಕಾರನ್ನು ನೇರ ರಸ್ತೆಯಲ್ಲಿ ಸಿಕ್ಕಿಸಿಕೊಂಡರೆ ಏನೂ ನಷ್ಟವಿಲ್ಲ. ಇಕ್ಕಟ್ಟಿನ ತಿರುವಿನಲ್ಲಿ ಸಿಕ್ಕಿಕೊಂಡರೆ ಒಂದೆರಡು ಸೆಕೆಂಡು ಹೋಯಿತು. ಅಷ್ಟರಲ್ಲಿ ಎರಡನೆಯವನು ಬಂದು ಬಂಪರಿಗೆ ಮೂಗು ತಾಗಿಸಿರುತ್ತಾನೆ. ನೀಲಿ ಬಾವುಟ ಬೀಸುತ್ತಾರೆ, ಹಿಂದೆ ವೇಗದ ಕಾರಿದೆ ಅಂತ. ಆದರೆ ನಿಧಾನದ ಕಾರಿನವನು ಗಾಬರಿಯಾಗಿ ಪಕ್ಕಕ್ಕೆ ಹಾರುವುದು ಅತ್ಯಂತ ಅಪಾಯ. ಅವನು ತನ್ನ ಹಾದಿ ಬಿಡದೆ ನೇರ ಹೋಗಬೇಕು, ವೇಗದವನು ಜಾಗ ಹುಡುಕಿಕೊಂಡು ದಾಟಬೇಕು. ಒಳ್ಳೆಯ ಜಿಟಿ4 ಡ್ರೈವರನ ಗುರುತು ಅದೇ. ಎಲ್ಲರಿಗೂ ದಾರಿ ಕೊಡುತ್ತಲೇ ತನ್ನ ಕ್ಲಾಸಿನ ಎದುರಾಳಿಗೆ ಒಂದಿಂಚೂ ಬಿಡುವುದಿಲ್ಲ. ಕೆಲವರು ಇನ್ನೂ ಜಾಣರು. ದಾಟಿ ಹೋಗುವ ಜಿಟಿ3ರ ಬೆನ್ನಿಗೇ ಅಂಟಿಕೊಂಡು, ಎದುರಾಳಿ ಬದಿಗೆ ಸರಿದಾಗ ತಾವೂ ನುಸುಳಿಬಿಡುತ್ತಾರೆ. ಆಂಬುಲೆನ್ಸ್ ಹಿಂದೆ ಹೋಗುವ ನಮ್ಮೂರ ರಿಕ್ಷಾದವರ ಹಾಗೆ.

ಏಳನೇ ಹೆಜ್ಜೆ: 25ನೇ ನಿಮಿಷಕ್ಕೆ ಚಹಾ ಬೇಡ

ಒಂದು ಗಂಟೆಯ ಜಿಟಿ ವರ್ಲ್ಡ್ ಚಾಲೆಂಜ್ ರೇಸಿನಲ್ಲಿ 25ನೇ ನಿಮಿಷಕ್ಕೆ ಪಿಟ್ ಕಿಟಕಿ ತೆರೆಯುತ್ತದೆ, 35ಕ್ಕೆ ಮುಚ್ಚುತ್ತದೆ. ಈ ಹತ್ತು ನಿಮಿಷದೊಳಗೆ ಒಳಗೆ ಬಂದು ಡ್ರೈವರ್ ಬದಲಾಗಲೇಬೇಕು. ಈ ಹೊತ್ತಿನಲ್ಲಿ ಪರದೆಯ ಮೇಲಿನ ಸ್ಥಾನಗಳನ್ನು ನಂಬಬೇಡಿ. ಪಿಟ್‌ಗೆ ಹೋಗದವರೆಲ್ಲ ಮೇಲೆ ಕಾಣುತ್ತಾರೆ. ಕಿಟಕಿ ಮುಚ್ಚಿದ ಮೇಲೆಯೇ ನಿಜ ಲೆಕ್ಕ.

ಏಷ್ಯಾ ಸರಣಿಯಲ್ಲಿ ಇನ್ನೊಂದು ತಿರುವು ಇದೆ. ಗೆದ್ದವರು ಮುಂದಿನ ರೇಸಿನಲ್ಲಿ ಪಿಟ್‌ನಲ್ಲಿ 15 ಸೆಕೆಂಡು ಜಾಸ್ತಿ ನಿಲ್ಲಬೇಕು. ಎರಡನೆಯವರಿಗೆ 10, ಮೂರನೆಯವರಿಗೆ 5. ಗೆದ್ದಿದ್ದಕ್ಕೆ ದಂಡ! ಆದ್ದರಿಂದ ಮೊದಲರ್ಧದಲ್ಲಿ 12 ಸೆಕೆಂಡು ಮುಂದಿರುವ ಕಾರು ನಿಜಕ್ಕೂ ಹಿಂದೆಯೇ ಇರಬಹುದು. ಹಿಂದಿನ ರೇಸಿನಲ್ಲಿ ಯಾರು ಗೆದ್ದರು ಅನ್ನುವುದು ತಿಳಿದಿಟ್ಟುಕೊಂಡರೆ ಕಾಮೆಂಟರಿಯವರಿಗಿಂತ ಮೊದಲು ನೀವೇ ಹೇಳಬಹುದು. ಗೆಳೆಯರ ಮುಂದೆ ಸ್ವಲ್ಪ ಜಂಬವೂ ಆಗುತ್ತದೆ.

ಎಂಟನೇ ಹೆಜ್ಜೆ: ಒಂದು ಕ್ಲಾಸು ಆರಿಸಿ, ಅದನ್ನೇ ಹಿಡಿಯಿರಿ

ಸಮಯದ ಪಟ್ಟಿಯಲ್ಲಿ ಒಟ್ಟು ಸ್ಥಾನದ ಪಕ್ಕ ಕ್ಲಾಸಿನೊಳಗಿನ ಸ್ಥಾನದ್ದೂ ಒಂದು ಅಂಕಣ ಇರುತ್ತದೆ. ಕಣ್ಣು ಅಲ್ಲಿಡಿ. ಪಾಯಿಂಟು ಕೊಡುವುದೂ, ವರ್ಷದ ಕೊನೆಗೆ ಟ್ರೋಫಿ ಕೊಡುವುದೂ ಕ್ಲಾಸಿನ ಲೆಕ್ಕದಲ್ಲಿ. ಮೊದಲ ಸಲ ನೋಡುವವರು ನಾಲ್ಕೂ ಜಗಳ ಹಿಂಬಾಲಿಸಲು ಹೋಗಬೇಡಿ. ನನ್ನ ಸಲಹೆ ಪ್ರೋ-ಆಮ್. ಅಲ್ಲಿ ಒಂದೇ ಕಾರು ಅರ್ಧ ಗಂಟೆ ಹಿಂದೆ ಬಿದ್ದು ಅರ್ಧ ಗಂಟೆ ಮುಂದೆ ನುಗ್ಗುತ್ತದೆ. ಕತೆ ತಾನಾಗಿ ಹುಟ್ಟುತ್ತದೆ. ಅದರಲ್ಲಿ ಮೂರು ಕಾರಿನ ನಂಬರು ಬರೆದುಕೊಳ್ಳಿ, ಸಾಕು.

ನೋಡಲು ದುಡ್ಡು ಬೇಡ. ಎಸ್‌ಆರ್‌ಓದವರ ಜಿಟಿ ವರ್ಲ್ಡ್ ಯೂಟ್ಯೂಬ್ ಚಾನೆಲ್‌ನಲ್ಲಿ ನೇರ ಪ್ರಸಾರ ಉಚಿತ. ಯುರೋಪಿನಲ್ಲಿ ಬೇಸಿಗೆಯ ಮಧ್ಯಾಹ್ನ 2 ಗಂಟೆ ಅಂದರೆ ನಮಗೆ ಸಂಜೆ 5.30. ಜಪಾನಿನ ಮಧ್ಯಾಹ್ನ 1 ಗಂಟೆ ನಮಗೆ ಬೆಳಿಗ್ಗೆ 9.30, ನೀರುದೋಸೆ ಹೊತ್ತಿಗೆ ಸರಿಯಾಗಿ. ಅಮೆರಿಕದ್ದು ಮಾತ್ರ ನಡುರಾತ್ರಿಗೆ ಎಳೆಯುತ್ತದೆ. ಸೋಮವಾರ ಫಸ್ಟ್ ಶಿಫ್ಟ್ ಇರುವವರು ಮರುದಿನ ನೋಡುವುದೇ ವಾಸಿ.

ಕಣ್ಣಾರೆ ನೋಡಬೇಕೆಂದರೆ

ಪುಣೆ, ಮುಂಬೈಯಲ್ಲಿ ಹೆಚ್ಚಾಗಿ ಸಿಗುವುದು ಕಾರ್ಟಿಂಗ್ ಟ್ರ್ಯಾಕು. ನಮ್ಮವರು ದಕ್ಷಿಣಕ್ಕೇ ಹೋಗಬೇಕು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ. ಅಲ್ಲಿ ಜಿಟಿ3 ಹುಡುಕಬೇಡಿ. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಇಂಡಿಯನ್ ಟೂರಿಂಗ್ ಕಾರ್ಸ್, ಇಂಡಿಯನ್ ಜೂನಿಯರ್ ಟೂರಿಂಗ್ ಕಾರ್ಸ್, ಸೂಪರ್ ಸ್ಟಾಕ್ ಅಂತ ವಿಭಾಗಗಳಿವೆ. ನಮ್ಮ ಬೀದಿಯ ಪೋಲೋ, ಎಸ್ಟೀಮ್ ಥರದ ಕಾರುಗಳು. ಇಂಜಿನ್ನಿಗೆ ಎಷ್ಟು ಕೈ ಹಾಕಬಹುದು ಅನ್ನುವುದರ ಮೇಲೆ ವಿಭಾಗ. ಮೇಲೆ ಕಲಿತದ್ದೆಲ್ಲ ಇಲ್ಲಿ ಹಾಗೇ ಉಪಯೋಗಕ್ಕೆ ಬರುತ್ತದೆ.

ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಕೊಯಮತ್ತೂರಿಗೆ ಹೋಗುವ ರೈಲು ಪುಣೆ ಮೇಲೇ ಹೋಗುತ್ತದೆ. ಟೋಪಿ, ನೀರು, ಕಿವಿಗೆ ಹತ್ತಿ ಅಥವಾ ಇಯರ್ ಪ್ಲಗ್ ಇಟ್ಟುಕೊಳ್ಳಿ. ನೇರ ರಸ್ತೆಯ ಮುಂದೆ ಕೂರಬೇಡಿ, ಅಲ್ಲಿ ಕಾರು ಸುಯ್ಯೆಂದು ಹೋಗಿಬಿಡುತ್ತದೆ. ಜೋರಾಗಿ ಬ್ರೇಕ್ ಹಾಕುವ ತಿರುವಿನ ಹತ್ತಿರ ಜಾಗ ಹಿಡಿಯಿರಿ, ಕ್ಲಾಸುಗಳ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ. ಒಂದು ಕಾರು ಬೇಗ ಬ್ರೇಕ್ ಹಾಕುತ್ತದೆ, ಇನ್ನೊಂದು ಇನ್ನೂ ಮುಂದೆ ಬಂದು ಹಾಕುತ್ತದೆ. ಹೊರಡುವ ಮೊದಲು ಭಾಗವಹಿಸುವವರ ಪಟ್ಟಿ ಮೊಬೈಲಿಗೆ ಇಳಿಸಿಕೊಳ್ಳಿ, ನಂಬರು ನೋಡಿ ಕ್ಲಾಸು ತಿಳಿಯಲು.

ಅಪ್ಪನಿಗೂ ಹೇಳಿದ್ದೆ, ಡಿಸೆಂಬರಿನಲ್ಲಿ ರೇಸ್ ಇದ್ದರೆ ಒಟ್ಟಿಗೆ ಹೋಗೋಣ, ಟಿಕೆಟ್ ಮಾಡ್ತೇನೆ ಅಂತ.

"ಡಿಸೆಂಬರಿನಲ್ಲಾ? ಆಗ ಕಂಬಳ ಉಂಟಲ್ಲ ಮಾರಾಯ," ಅಂದರು.